ಗಾಜಿನ ಬಟ್ಟಲಲ್ಲಿ ನರಕೋಶ

ಗಾಯಗೊಂಡ ಚರ್ಮ ಮಾಯುತ್ತದೆ; ಮುರಿದ ಎಲುಬು ಕೂಡುತ್ತದೆ. ಆದರೆ ಪ್ರಾಯಕ್ಕೆ ಬಂದವರ ಮಿದುಳಿನಲ್ಲಿ ಅಳಿದ ನರಕೋಶದ ಸ್ಥಾನದಲ್ಲಿ ಹೊಸತು ಹುಟ್ಟದೆಂಬುದು ವಿಜ್ಞಾನಿಗಳ ಬಹುಕಾಲದ ನಂಬಿಕೆಯಾಗಿತ್ತು. ಆ ನಂಬಿಕೆ ಸಡಿಲಗೊಂಡ ಬಗೆಯನ್ನು ವಾಚಕರ ಮುಂದಿಡಲು ನಮಗೆ ಮನೆಯ ಕಾರಣವೂ ಒಂದಿದೆ. ನಮ್ಮ ಅಣ್ಣನವರಿಗೆ ಕಂಪವಾತ. ಮಿದುಳಿನ ಒಂದೆಡೆ ಡೋಪಮಿನ್ ಎಂಬ ದ್ರವ್ಯವನ್ನು ಒದಗಿಸುವ ನರಕೋಶಗಳು ಕ್ರಮೇಣ ನಶಿಸುವುದೇ ಈ ರೋಗದ ಲಕ್ಷಣ. ದಿನವಿಡೀ ಅಡಿಕೆ ಸುಲಿಯುತ್ತಿದ್ದ ಅವರ ಕೈಯಲ್ಲಿ ಇಂದು ಕಾಫಿಯ ಲೋಟ ನಿಲ್ಲದು.

“ತಮ್ಮಾ, ಹೊಸ ನರ ಬೆಳೆಸುತ್ತಾರಂತಲ್ಲ, ನಿಜವೋ?” ಎಂದು ಅವರು ಕೇಳಿದರು.

ನಿಜವೇ. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ತುಣುಕನ್ನು ದುಗ್ಧರಸದ ಹನಿಯಲ್ಲಿಟ್ಟು, ನರತಂತು ಬೆಳೆಯುವುದನ್ನು ಕಂಡರು. 1992ರಲ್ಲಿ ಕೆನಡಾದ ರೆನಾಲ್ಡ್ಸ್ ಮತ್ತು ವೈಸ್, ಬೆಳೆದ ಇಲಿಯ ಮಿದುಳಿನ ಕೋಶಗಳಿಂದಲೇ ಬಟ್ಟಲಲ್ಲಿ ಹೊಸ ನರಕೋಶಗಳನ್ನು ಪಡೆದರು. 2006ರಲ್ಲಿ ಜಪಾನಿನ ಯಮನಾಕ ಇಲಿಯ ಚರ್ಮದ ಕೋಶವನ್ನು, ಮರುವರ್ಷ ಮನುಷ್ಯರ ಚರ್ಮದ ಕೋಶವನ್ನು, ಯಾವ ಅಂಗದ ಕೋಶವಾಗಿಯೂ ಬೆಳೆಯಬಲ್ಲ ಆಕರಕೋಶವಾಗಿ ಮಾರ್ಪಡಿಸಿದರು. ಈಗ ಅದರಿಂದ ನರಕೋಶವನ್ನು ಬೆಳೆಸಬಹುದು.

ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಬಾಲಕನು ವಿದ್ಯಾವಂತನಾಗನು. ಹಾಗೆಯೇ ರೂಪದಲ್ಲಿ ಹೋತ ಮಾತ್ರಕ್ಕೆ ಅದು ನರಕೋಶವಾಗದು. ವಿದ್ಯುತ್ ಸ್ಪಂದನವನ್ನು ಹೊಮ್ಮಿಸಬೇಕು. ನೆರೆಯ ಕೋಶದೊಡನೆ ಸಂಧಿ ಬೆಸೆದು ಸಂದೇಶವನ್ನು ದಾಟಿಸಬೇಕು. ಅತಿಸೂಕ್ಷ್ಮವಾದ ಗಾಜಿನ ನಳಿಕೆಯನ್ನು ತಾಗಿಸಿ ಇದನ್ನು ಪರೀಕ್ಷಿಸುವರು.

ಕ್ಯೋಟೋದಲ್ಲಿ 2018ರಲ್ಲಿ ಆರಂಭವಾದ ಪ್ರಯೋಗದಲ್ಲಿ ಏಳು ಮಂದಿ ಕಂಪವಾತ ರೋಗಿಗಳ ಮಿದುಳಿಗೆ ಇಂತಹ ಕೋಶಗಳನ್ನು ನಾಟಿ ಮಾಡಿದರು. 2025ರ ವರದಿಯಂತೆ ಅವು ಬದುಕಿ ಡೋಪಮಿನ್ ತಯಾರಿಸಿದವು. ಗಂಭೀರ ಅಪಾಯವೇನೂ ಕಾಣಲಿಲ್ಲ. ಗುಣವನ್ನು ಅಳೆದ ಆರು ಮಂದಿಯಲ್ಲಿ ನಾಲ್ವರ ಚಲನೆ ಸುಧಾರಿಸಿತು. ಶುಭವಾರ್ತೆಯೇ ಸರಿ, ಆದರೆ ಏಳು ಮಂದಿಯ ಫಲ ಎಲ್ಲರ ಫಲವಲ್ಲ.

ಈ ನಡುವೆ ಪೇಟೆಯ ಒಬ್ಬರು ‘ಆಕರಕೋಶದ ಸೂಜಿಮದ್ದು’ ಕೊಡುವುದಾಗಿ ಹೇಳಿ ಲಕ್ಷಗಟ್ಟಲೆ ಹಣ ಕೇಳಿದರು. ಅಣ್ಣ ತೋಟದ ಒಂದು ತುಂಡನ್ನು ಮಾರಲು ಸಿದ್ಧರಾದರು. ಯಾವ ಕೋಶ, ಎಲ್ಲಿ ಬೆಳೆಸಿದ್ದು, ಯಾರ ಅನುಮತಿಯಿಂದ ಎಂದು ನಾವು ಕೇಳಿದೆವು. ಆತನಿಂದ ಉತ್ತರ ಬರಲಿಲ್ಲ. ತೋಟ ಉಳಿಯಿತು, ಅಣ್ಣನ ಮುಖ ಮಾತ್ರ ಬಾಡಿತು. ಆ ಮುಖವನ್ನು ನೋಡುವುದು ನಮಗೆ ಸುಲಭವಾಗಿರಲಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿಯಿಷ್ಟೆ: ರೋಗಿಯ ಆಸೆಯನ್ನು ಚಿವುಟಬೇಡಿ, ಆಸೆಯನ್ನು ಮಾರುವವರ ಬಾಗಿಲಿಗೂ ಕಳುಹಿಸಬೇಡಿ. ವೈದ್ಯರು ಕೊಟ್ಟ ಔಷಧ ತಪ್ಪದಿರಲಿ. ಪಕ್ಕದಲ್ಲಿ ಕುಳಿತು ಲೋಟ ಹಿಡಿಯುವ ಕೈಯೊಂದು ಸದಾ ಇರಲಿ.