ಅವ್ವನ ನೋವು, ನಮ್ಮ ಅಂಜಿಕೆ

2016ರ ಚಳಿಗಾಲದ ಹೊತ್ತಿಗೆ ನಮ್ಮ ತಾಯಿಯವರ ಸ್ತನದ ಕ್ಯಾನ್ಸರ್ ಬೆನ್ನೆಲುಬಿಗೆ ವ್ಯಾಪಿಸಿತ್ತು. ಮಗ್ಗುಲು ಬದಲಿಸುವುದೂ ಅವರಿಗೆ ದುಸ್ತರವಾಗಿತ್ತು. ಜೀವಮಾನವಿಡೀ ತಪ್ಪದೆ ನಡೆಸಿಕೊಂಡು ಬಂದ ಲಿಂಗಪೂಜೆಗೆ ಐದು ನಿಮಿಷ ಕೂಡಲಾಗದೆ ಕಣ್ಣೀರಿಡುತ್ತಿದ್ದರು. ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಅದು ಅಫೀಮಿನಿಂದ ತೆಗೆದ ಔಷಧವೆಂದು ಕೇಳಿದೊಡನೆ ನಾವು ಬೆಚ್ಚಿದೆವು. ಪೊಟ್ಟಣವನ್ನು ಕಪಾಟಿನಲ್ಲಿರಿಸಿ, ಹಳೆಯ ನೋವಿನ ಮಾತ್ರೆಗಳನ್ನೇ ಕೊಡುತ್ತ ಒಂಬತ್ತು ರಾತ್ರಿ ಕಳೆದೆವು. ಆ ಒಂಬತ್ತು ರಾತ್ರಿಗಳ ನರಳಾಟಕ್ಕೆ ನಾವೇ ಹೊಣೆ.

ಹತ್ತನೆಯ ದಿನ ವೈದ್ಯರು ನಮ್ಮನ್ನು ಕೂಡ್ರಿಸಿಕೊಂಡು ತಿಳಿಯ ಹೇಳಿದರು. ನಾವು ಪಾಯಸಕ್ಕೆ ಬಳಸುವ ಗಸಗಸೆಯ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲೇ ಅಫೀಮು. ಅದರಿಂದ ಮಾರ್ಫಿನ್ನನ್ನು ಬೇರ್ಪಡಿಸಿದವನು 19ನೆಯ ಶತಮಾನದ ಆರಂಭದಲ್ಲಿದ್ದ ಜರ್ಮನಿಯ ಔಷಧಕಾರ ಸೆರ್ಟುರ್ನರ್. ಬೆನ್ನೆಲುಬಿನಲ್ಲಿ ಹುಟ್ಟಿದ ನೋವಿನ ಸಂದೇಶ ನರಗಳ ಮೂಲಕ ಬೆನ್ನುಹುರಿಗೆ ಬಂದು, ಅಲ್ಲಿ ಒಂದು ನರದಿಂದ ಇನ್ನೊಂದಕ್ಕೆ ದಾಟಿ ಮಿದುಳಿಗೇರುತ್ತದೆ. ಈ ದಾಟುವ ಸ್ಥಳದ ನರಕೋಶಗಳ ಮೇಲೆ ಗ್ರಾಹಕಗಳೆಂಬ ಸೂಕ್ಷ್ಮ ರಚನೆಗಳಿವೆ. ಬೀಗಕ್ಕೆ ಬೀಗದ ಕೈ ಕೂಡುವಂತೆ ಮಾರ್ಫಿನ್ ಅವಕ್ಕೆ ಕೂಡಿಕೊಂಡು ಸಂದೇಶವನ್ನು ತಗ್ಗಿಸುತ್ತದೆ. ಮಿದುಳಿನಲ್ಲಿಯೂ ಅಂಥ ಗ್ರಾಹಕಗಳಿವೆ. ಆದುದರಿಂದ ಅಳಿದುಳಿದ ನೋವು ಸಹ ಮೊದಲಿನಂತೆ ಮನಸ್ಸನ್ನು ಹಿಂಡುವುದಿಲ್ಲ. ರೋಗವು ಇದರಿಂದ ಗುಣವಾಗದು, ಅದು ಬೇರೆ ಮಾತು.

ಗಸಗಸೆಯ ಹಾಲಿಗಾಗಿ ನಮ್ಮ ದೇಹದಲ್ಲಿ ಬೀಗವೇಕೆ? 1973ರಲ್ಲಿ ಈ ಗ್ರಾಹಕಗಳು ಪತ್ತೆಯಾದಾಗ ವಿಜ್ಞಾನಿಗಳನ್ನೂ ಇದೇ ಪ್ರಶ್ನೆ ಕಾಡಿತು. 1975ರಲ್ಲಿ ಸ್ಕಾಟ್ಲೆಂಡಿನ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಉತ್ತರ ಕಂಡರು. ದೇಹವೇ ತನ್ನ ನೋವಿಗೆ ಇಂಥ ಶಾಮಕಗಳನ್ನು ತಯಾರಿಸಿಕೊಳ್ಳುತ್ತದೆ! ಪರಕೀಯವೆಂದು ನಾವು ದೂರವಿಟ್ಟ ಮಾತ್ರೆ, ಮೈಯೊಳಗೆ ಮೊದಲೇ ಇದ್ದ ಹಾದಿಯನ್ನೇ ಹಿಡಿಯುತ್ತಿತ್ತು.

ನಮ್ಮ ಅಂಜಿಕೆ ಪೂರ್ತಿ ಹುಸಿಯೆಂದು ವೈದ್ಯರು ಹೇಳಲಿಲ್ಲ. ಅಮೆರಿಕದಲ್ಲಿ 1990ರ ದಶಕದಿಂದ ಬಹುಕಾಲದ ಸೊಂಟನೋವಿಗೂ ಇಂಥ ಮಾತ್ರೆಗಳನ್ನು ಧಾರಾಳವಾಗಿ ಕೊಟ್ಟುದರಿಂದ ಅಸಂಖ್ಯ ಜನ ವ್ಯಸನಕ್ಕೆ ಬಲಿಯಾದರು. ಪ್ರಮಾಣ ಮೀರಿದರೆ ಉಸಿರಾಟದ ಕೇಂದ್ರ ಮಂಕಾಗಿ ಉಸಿರೇ ನಿಲ್ಲಬಹುದು. ಮದ್ಯ, ನಿದ್ರೆಮಾತ್ರೆಗಳು ಜೊತೆಗೂಡಿದರೆ ಅಪಾಯ ಇನ್ನೂ ಹೆಚ್ಚು. ಆದರೆ ಕ್ಯಾನ್ಸರಿನ ತೀವ್ರ ನೋವಿಗೆ, ಅಲ್ಪ ಪ್ರಮಾಣದಿಂದ ಆರಂಭಿಸಿ, ವೈದ್ಯರ ಕಣ್ಣೆದುರು ಕೊಡುವ ಬಗೆ ಬೇರೆ. ದೇಹಕ್ಕೆ ಔಷಧ ರೂಢಿಯಾಗುವುದು ನಿಜ. ಒಮ್ಮೆಲೇ ನಿಲ್ಲಿಸಿದರೆ ಬೆವರು, ಭೇದಿ, ಮೈಕೈನೋವು ಬರುತ್ತವೆ. ಅದಕ್ಕಾಗಿಯೇ ಕ್ರಮೇಣ ಇಳಿಸುತ್ತಾರೆ. ಆದರೆ ಈ ರೂಢಿಯೇ ವ್ಯಸನವಲ್ಲ.

ಅಂದೇ ಸಂಜೆ ಆರಂಭಿಸಿದೆವು. ನಾಲ್ಕು ಗಂಟೆಗೊಮ್ಮೆ, ನೋವು ಮರಳುವ ಮುನ್ನವೇ ಕೊಡಬೇಕು. ಮೊದಲ ಎರಡು ದಿನ ತೂಕಡಿಕೆ, ವಾಕರಿಕೆ ಇದ್ದವು, ತಾವಾಗಿಯೇ ಇಳಿದವು. ಇಳಿಯದೆ ಉಳಿದುದು ಮಲಬದ್ಧತೆಯೊಂದೇ. ಕರುಳಿನಲ್ಲಿಯೂ ಅದೇ ಗ್ರಾಹಕಗಳಿರುವುದರಿಂದ ಅದರ ಚಲನೆ ನಿಧಾನಿಸುತ್ತದೆ, ಇದಕ್ಕೆ ಮಾತ್ರ ದೇಹ ಒಗ್ಗಿಕೊಳ್ಳುವುದಿಲ್ಲವಂತೆ. ಮೊದಲ ದಿನದಿಂದಲೇ ವಿರೇಚಕ ಕೊಡಿರೆಂದು ವೈದ್ಯರು ಏಕೆ ಒತ್ತಿ ಹೇಳಿದ್ದರೆಂಬುದು ಆಗ ತಿಳಿಯಿತು.

ಐದನೆಯ ದಿನ ಅವ್ವ ದಿಂಬಿಗೊರಗಿ ಕುಳಿತು ಪೂಜೆ ಮುಗಿಸಿದರು. ಊಟದ ಹೊತ್ತಿಗೆ ಸೊಸೆಯನ್ನು ಕರೆದು, “ಸಾರಿಗೆ ಉಪ್ಪು ಕಡಿಮಿ ಆಗೇದವ್ವಾ” ಎಂದರು. ಎರಡು ತಿಂಗಳಿಂದ ರುಚಿಯ ಮಾತೆತ್ತದಿದ್ದವರು! ಸೊಸೆ ಅಡಿಗೆಮನೆಗೆ ಹೋಗಿ ಅತ್ತಳು.

ಮುಂದೆ ನಾಲ್ಕು ತಿಂಗಳಿಗೆ ಅವ್ವ ಲಿಂಗೈಕ್ಯರಾದರು. ಉಳಿದ ಮಾತ್ರೆಗಳನ್ನು ಎಣಿಸಿ ಆಸ್ಪತ್ರೆಗೆ ಮರಳಿಸಿ ಬಂದೆವು.