ಅಪ್ಪನ ಹಾಡು

ಹಕ್ಕಿಯೊಂದು ತನ್ನವರನ್ನು ಗುರುತಿಸುವುದು ಹೇಗೆ? ಗ್ಯಾಲಪಗೋಸ್ ದ್ವೀಪಗಳ ಎರಡು ಪುಟ್ಟ ಫಿಂಚ್ ಹಕ್ಕಿಗಳ ಬಗ್ಗೆ ಓದಿದ ಮೇಲೆ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಅಲ್ಲಿ ಡಾಫ್ನೆ ಮೇಜರ್ ಎಂಬ ದ್ವೀಪವಿದೆ. ಅರ್ಧ ಚದರ ಕಿಲೋಮೀಟರೂ ಇಲ್ಲದ ಒಣನೆಲ. ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ದಂಪತಿ 1973ರಿಂದ ಸುಮಾರು ನಲವತ್ತು ವರ್ಷ ಅಲ್ಲಿಗೆ ಹೋಗಿಬಂದು, ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ ಅವುಗಳ ವಂಶಾವಳಿಯನ್ನೇ ಬರೆದಿಟ್ಟರು.

ನೆಲದ ಫಿಂಚಿನದು ಮೊಂಡು ಕೊಕ್ಕು. ಬೀಜ ಒಡೆದು ತಿನ್ನುತ್ತದೆ. ಕಳ್ಳಿ ಫಿಂಚಿನದು ಉದ್ದನೆಯ ಚೂಪು ಕೊಕ್ಕು. ಕಳ್ಳಿಹೂವಿನ ಮಕರಂದ, ಪರಾಗಕ್ಕೆ ಹೇಳಿ ಮಾಡಿಸಿದ್ದು. ಆದರೆ ಇವೆರಡನ್ನೂ ಬೇರೆಯಾಗಿಟ್ಟಿರುವುದು ಕೊಕ್ಕು ಮಾತ್ರವಲ್ಲ, ಹಾಡು ಕೂಡ. ಗಂಡುಮರಿ ಎಳವೆಯಲ್ಲೇ ಅಪ್ಪನ ಹಾಡು ಕಲಿತು ಜೀವನವಿಡೀ ಅದನ್ನೇ ಹಾಡುತ್ತದೆ. ಹೆಣ್ಣುಮರಿಯೂ ಅದನ್ನು ಕೇಳಿಯೇ ಬೆಳೆದು, ಮುಂದೆ ಅಂಥ ಹಾಡಿನವನನ್ನೇ ಆರಿಸಿಕೊಳ್ಳುತ್ತದೆ.

ಅಪರೂಪಕ್ಕೆ ಪಾಠ ತಪ್ಪುತ್ತದೆ. ಅಪ್ಪ ಸಾಯುತ್ತಾನೆ, ಇಲ್ಲವೇ ನೆರೆಯವನ ದನಿ ಜೋರಾಗಿರುತ್ತದೆ. ನೆಲದ ಫಿಂಚಿನ ಮರಿ ಕಳ್ಳಿ ಫಿಂಚಿನ ಹಾಡು ಕಲಿಯುತ್ತದೆ, ಆ ಕುಲದಲ್ಲೇ ಸಂಸಾರ ಹೂಡುತ್ತದೆ.

ಅವುಗಳ ಮಕ್ಕಳ ಗತಿ? ಮೊದಲ ವರ್ಷಗಳಲ್ಲಿ ಹೆಚ್ಚಿನವು ಬದುಕಲಿಲ್ಲ. ಬೆರಕೆಯ ಶಾಪ ಎನ್ನೋಣವೇ? ಅಲ್ಲ. ಅವುಗಳ ನಡುಗಾತ್ರದ ಕೊಕ್ಕಿಗೆ ತಕ್ಕ ಸಣ್ಣ ಬೀಜ ಆಗ ದ್ವೀಪದಲ್ಲಿ ಸಾಲದಾಗಿತ್ತು, ಅಷ್ಟೆ. 1982-83ರ ಎಲ್ ನಿನೊ ಭಾರಿ ಮಳೆ ತಂದಿತು. ಸಣ್ಣ ಬೀಜ ಹೇರಳವಾಯಿತು. ಆಮೇಲೆ ಅದೇ ಬೆರಕೆ ಮರಿಗಳು ಉಳಿದವರಷ್ಟೇ ಚೆನ್ನಾಗಿ ಬಾಳಿದವು, ಮರಿಮಕ್ಕಳನ್ನೂ ಕಂಡವು. ಕಾಲಕ್ರಮದಲ್ಲಿ ಕಳ್ಳಿ ಫಿಂಚಿನ ಕೊಕ್ಕು ತುಸು ಮೊಂಡಾಯಿತು. ಅದರ ಹಾಡು ಮಾತ್ರ ಅದೇ ಉಳಿಯಿತು.

ನಮ್ಮ ಮನೆಯಲ್ಲಿ ಅಬ್ಬಾ ಉರ್ದುವಿನಲ್ಲಿ ಗದರುತ್ತಿದ್ದರು, ಶಾಲೆಯಲ್ಲಿ ಮೇಷ್ಟ್ರು ಕನ್ನಡದಲ್ಲಿ. ಇವತ್ತಿಗೂ ಸಭೆಗಳಲ್ಲಿ ಯಾರಾದರೂ ಮೆಚ್ಚುಗೆಯಿಂದಲೇ ಕೇಳುತ್ತಾರೆ: "ನೀವು ಇಷ್ಟು ಚೆನ್ನಾಗಿ ಕನ್ನಡ ಹೇಗೆ ಕಲಿತಿರಿ?" ಮನೆಗೆ ಬಂದರೆ ಹಿರಿಯರ ದೂರು: "ನಿನ್ನ ಉರ್ದು ಕೆಟ್ಟಿತು." ಇಬ್ಬರೂ ನೋಡುವುದು ನಮ್ಮ ಕೊಕ್ಕನ್ನೇ.

ಮನುಷ್ಯರು ಹಕ್ಕಿಗಳಲ್ಲ, ನಿಜ. ಫಿಂಚಿಗೆ ಒಂದೇ ಹಾಡು. ನಮಗೆ ಎರಡು ದಕ್ಕಿವೆ. ಆದರೂ ಆ ದ್ವೀಪದ ಒಂದು ಮಾತು ನಮಗೆ ತಾಗುತ್ತದೆ. ಬೆರೆತವರು ಬಾಳುತ್ತಾರೋ ಇಲ್ಲವೋ ಎಂದು ತೀರ್ಮಾನಿಸಿದ್ದು ಅವರ ರಕ್ತವಲ್ಲ, ಆ ನೆಲದಲ್ಲಿ ಅವರಿಗೂ ಕಾಳು ಇತ್ತೇ ಎಂಬುದು.