ಬೆಳಕು ಬಾಗುತ್ತದೆಯೇ, ಸಾರ್?

ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸಿದ ಅಷ್ಟೂ ವರ್ಷ ಬೆಳಕಿನ ಪಾಠವನ್ನು ನಾನು ಒಂದೇ ವಾಕ್ಯದಿಂದ ಆರಂಭಿಸುತ್ತಿದ್ದೆ: "ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ." ಮೂರು ರಟ್ಟುಗಳಿಗೆ ರಂಧ್ರ ಕೊರೆದು, ಸಾಲಾಗಿ ನಿಲ್ಲಿಸಿ, ಹಿಂದೆ ಮೇಣದಬತ್ತಿ ಹಚ್ಚಿ ತೋರಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು.

1989ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಈ ಪ್ರಯೋಗ ಮುಗಿಯುತ್ತಿದ್ದಂತೆ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಸೂರ್ಯನ ಪಕ್ಕ ಹಾದು ಬರುವಾಗ ನಕ್ಷತ್ರದ ಬೆಳಕು ಬಾಗುತ್ತದಂತೆ. ಲೈಬ್ರರಿ ಪುಸ್ತಕದಲ್ಲಿ ಓದಿದೆ. ನಿಜವಾ?" ಎಂದಳು. ಐನ್‌ಸ್ಟೈನರ ಹೆಸರು ಕೇಳಿದ್ದೆನೇ ಹೊರತು ವಿವರಿಸುವಷ್ಟು ತಿಳಿವಳಿಕೆ ನನಗಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. "ಪರೀಕ್ಷೆಯಲ್ಲಿ ಹಾಗೆ ಬರೆದರೆ ಸೊನ್ನೆ ಬರುತ್ತೆ. ಕೂತ್ಕೋ" ಎಂದೆ. ತರಗತಿ ನಕ್ಕಿತು. ಆ ವರ್ಷ ಅವಳು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಪ್ರಶ್ನಿಸುವ ಮಗುವನ್ನು ಪ್ರೋತ್ಸಾಹಿಸಬೇಕೆಂದು ಬಿ.ಎಡ್. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಅಂಕ ಪಡೆದವನು ನಾನೇ.

ನಿವೃತ್ತಿಯ ಬಿಡುವಿನಲ್ಲಿ ಓದತೊಡಗಿದಾಗ, ಅವಳ ಪ್ರಶ್ನೆಗೆ ಉತ್ತರ ಎಷ್ಟೋ ಹಿಂದೆಯೇ ದೊರೆತಿತ್ತೆಂದು ತಿಳಿಯಿತು. 1919ರ ಮೇ 29ರ ಪೂರ್ಣ ಸೂರ್ಯಗ್ರಹಣದ ವೇಳೆ ಬ್ರಿಟಿಷ್ ಖಗೋಳಜ್ಞರು ಆಫ್ರಿಕದ ಬಳಿಯ ಪ್ರಿನ್ಸಿಪೆ ದ್ವೀಪದಲ್ಲೂ ಬ್ರೆಜಿಲಿನ ಸೊಬ್ರಾಲ್‌ನಲ್ಲೂ ಸೂರ್ಯನ ಸುತ್ತಲಿನ ನಕ್ಷತ್ರಗಳ ಚಿತ್ರ ತೆಗೆದರು. ಐನ್‌ಸ್ಟೈನರ ಲೆಕ್ಕದಂತೆ ಸೂರ್ಯನ ಅಂಚನ್ನು ತಾಗಿ ಬರುವ ಬೆಳಕು 1.75 ಆರ್ಕ್‌ಸೆಕೆಂಡಿನಷ್ಟು, ಅಂದರೆ ಒಂದು ಡಿಗ್ರಿಯ ಸುಮಾರು ಎರಡು ಸಾವಿರದಲ್ಲೊಂದು ಭಾಗದಷ್ಟು, ಬಾಗಬೇಕಿತ್ತು. ಚಿತ್ರಗಳು ಅದನ್ನೇ ಸಮರ್ಥಿಸಿದವು.

ಬೆಳಕನ್ನು ಬಾಗಿಸುವ ವಸ್ತು ಮಸೂರದಂತೆಯೂ ವರ್ತಿಸಬಲ್ಲದು. ಇದೇ ಗುರುತ್ವ ಮಸೂರ. ನಾವು ಪ್ರಯೋಗಶಾಲೆಯಲ್ಲಿ ಬಳಸುತ್ತಿದ್ದ ಪೀನ ಮಸೂರ ಬೆಳಕನ್ನು ಅಂಚಿನಲ್ಲಿ ಹೆಚ್ಚು ಬಾಗಿಸುತ್ತದೆ. ಗುರುತ್ವ ಮಸೂರದಲ್ಲಿ ಇದು ತಿರುವುಮುರುವು: ಕೇಂದ್ರಕ್ಕೆ ಹತ್ತಿರವಾದಷ್ಟೂ ಬಾಗು ಹೆಚ್ಚು. ಐಸ್‌ಕ್ರೀಂ ಹಾಕಿಕೊಡುವ ಕಾಲುಳ್ಳ ಗಾಜಿನ ಬಟ್ಟಲು ಮುರಿದರೆ, ಅದರ ದುಂಡನೆಯ ತಳವನ್ನು ಎಸೆಯಬೇಡಿ. ಕಾಗದದ ಮೇಲೊಂದು ಚುಕ್ಕೆಯಿಟ್ಟು ಅದರ ಮೂಲಕ ನೋಡಿ. ನೇರ ನಡುವಿನಿಂದ ನೋಡಿದರೆ ಚುಕ್ಕೆ ಉಂಗುರವಾಗುತ್ತದೆ. ತುಸು ಸರಿಸಿದರೆ ಎರಡಾಗುತ್ತದೆ. ಆಕಾಶದಲ್ಲಿ ನಡೆಯುವುದೂ ಇದೇ.

ಇಂತಹ ದೃಶ್ಯವನ್ನು ನೇರವಾಗಿ ಕಾಣುವ ಆಸೆ ಐನ್‌ಸ್ಟೈನರಿಗೇ ಇರಲಿಲ್ಲ. ಒಂದು ನಕ್ಷತ್ರ ಇನ್ನೊಂದರ ಮುಂದೆ ಅಷ್ಟು ಕರಾರುವಾಕ್ಕಾಗಿ ಬರುವುದು ದುರ್ಲಭವೆಂದು ಅವರು 1936ರಲ್ಲಿ ಬರೆದರು. ಮರುವರ್ಷವೇ ಫ್ರಿಟ್ಜ್ ಜ್ವಿಕಿ, ನಕ್ಷತ್ರ ಬೇಡ, ಇಡೀ ಗೆಲಾಕ್ಸಿಯೇ ಮಸೂರವಾಗಬಲ್ಲದೆಂದು ತೋರಿಸಿದರು. 1979ರಲ್ಲಿ ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಒಂದೇ ಕ್ವೇಸಾರ್‌ನ ಎರಡು ಬಿಂಬಗಳು ಕಂಡುಬಂದವು. ನಾನು "ಕೂತ್ಕೋ" ಎಂದುದು ಅದಾಗಿ ಹತ್ತು ವರ್ಷಗಳ ನಂತರ!

ಇದರ ಉಪಯೋಗಗಳೇನು? ಬೆಳಕು ಎಷ್ಟು ಬಾಗಿತೆಂಬುದರಿಂದ ನಡುವಿನ ಗೆಲಾಕ್ಸಿಯ ತೂಕವನ್ನು ಅಳೆಯಬಹುದು. ಕಣ್ಣಿಗೆ ಕಾಣದ ಕಪ್ಪು ದ್ರವ್ಯವೂ ಈ ತಕ್ಕಡಿಗೆ ಸಿಕ್ಕಿಬೀಳುತ್ತದೆ. ಬಹು ದೂರದ ಮಸುಕು ಗೆಲಾಕ್ಸಿಗಳು ದೊಡ್ಡದಾಗಿ ಕಾಣುತ್ತವೆ. ಪರತಾರೆಗಳ ಗ್ರಹಗಳೂ ಪತ್ತೆಯಾಗಿವೆ. ನನಗೆ ಅತ್ಯಂತ ಸೋಜಿಗವೆನಿಸಿದ್ದು ಕಾಲದ ಅಳತೆ.

ಕೆ.ಆರ್. ಪುರದಿಂದ ಒಂದೇ ಗಳಿಗೆಯಲ್ಲಿ ಹೊರಟ ಇಬ್ಬರು ನಮ್ಮ ದೊಮ್ಮಲೂರಿಗೆ ಬರುತ್ತಾರೆನ್ನಿ. ಒಬ್ಬ ಟಿನ್ ಫ್ಯಾಕ್ಟರಿ, ಇಂದಿರಾನಗರದ ಮಾರ್ಗವಾಗಿ, ಇನ್ನೊಬ್ಬ ಮಾರತ್ತಹಳ್ಳಿಗಾಗಿ ಹಳೆಯ ಏರ್‌ಪೋರ್ಟ್ ರಸ್ತೆಯಲ್ಲಿ. ಇಬ್ಬರೂ ಒಂದೇ ಸುದ್ದಿ ತರುತ್ತಾರೆ, ಆದರೆ ಬೇರೆ ಬೇರೆ ಹೊತ್ತಿನಲ್ಲಿ. ಕ್ವೇಸಾರ್‌ನ ಬೆಳಕಿಗೂ ಹೀಗೆಯೇ. ದಾರಿಯ ಉದ್ದವೂ ಬೇರೆ, ದಾರಿಯಲ್ಲಿನ ಗುರುತ್ವವೂ ಬೇರೆ. ಕ್ವೇಸಾರ್ ಮಿನುಗಿದರೆ ಮೊದಲು ಒಂದು ಬಿಂಬ ಮಿನುಗುತ್ತದೆ, ಎಷ್ಟೋ ದಿನಗಳ ಮೇಲೆ ಇನ್ನೊಂದು. ಈ ಅಂತರವೂ ಮಸೂರದ ತೂಕದ ವಿವರವೂ ತಿಳಿದರೆ ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆಯೆಂದು ಲೆಕ್ಕ ಹಾಕಬಹುದೆಂದು ನಾರ್ವೆಯ ರೆಫ್ಸ್‌ಡಾಲ್ 1964ರಲ್ಲೇ ಸೂಚಿಸಿದ್ದರು.

ಈ ಕೆಲಸದಲ್ಲಿ ನಮ್ಮವರ ಪಾಲೂ ಇದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಸ್ಥಾಪಿಸಿದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಮೂಲಕ! ಈ ದೂರದರ್ಶಕವೂ ಉಜ್ಬೇಕಿಸ್ತಾನದ ಮತ್ತು ಕ್ಯಾನರಿ ದ್ವೀಪದ ದೂರದರ್ಶಕಗಳೂ ಸೇರಿ ಎಸ್‌ಡಿಎಸ್‌ಎಸ್ ಜೆ 1001+5027 ಎಂಬ ಕ್ವೇಸಾರ್‌ನ ಜೋಡಿ ಬಿಂಬಗಳನ್ನು 2005ರ ಮಾರ್ಚ್‌ನಿಂದ 2011ರ ಜುಲೈವರೆಗೆ 443 ಬಾರಿ ಅಳೆದವು. 2013ರಲ್ಲಿ ಪ್ರಕಟವಾದ ಉತ್ತರ: ಒಂದು ಬಿಂಬದ ಸುದ್ದಿ ಇನ್ನೊಂದಕ್ಕಿಂತ 119.3 ದಿನ ಮುಂಚೆ ಬರುತ್ತದೆ, ಮೂರು ದಿನ ಆಚೀಚೆ. ಸುಮಾರು ಸಾವಿರ ಕೋಟಿ ವರ್ಷ ಪಯಣಿಸಿದ ಬೆಳಕಿನಲ್ಲಿ ನಾಲ್ಕು ತಿಂಗಳ ಅಂತರವನ್ನು ಗುರುತಿಸಿದ ಆ ತಾಳ್ಮೆಗೆ ನಾನು ಕೈಮುಗಿದೆ.

ಕಳೆದ ಕಾರ್ತಿಕದಲ್ಲಿ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ಒಬ್ಬ ಮಹಿಳೆ ನಮಸ್ಕರಿಸಿ, "ಗುರುತು ಸಿಕ್ತಾ ಸಾರ್?" ಎಂದರು. ಅದೇ ಹುಡುಗಿ. ಜೊತೆಗೆ ಕಾಲೇಜಿಗೆ ಹೋಗುವ ಮಗ. "ನೀನು ಅಂದು ಕೇಳಿದ ಪ್ರಶ್ನೆ ಸರಿಯಾಗಿತ್ತಮ್ಮಾ" ಎಂದೆ. ಆಕೆ ಸ್ವಲ್ಪ ಯೋಚಿಸಿ, "ಪ್ರಶ್ನೆ ಮರೆತೇ ಹೋಗಿದೆ ಸಾರ್. ನೀವು ಕೂತ್ಕೋ ಅಂದದ್ದು ಮಾತ್ರ ನೆನಪಿದೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅಲ್ಲಿಯೇ ಜಗುಲಿಯ ಮೇಲೆ ಕುಳಿತು ಗ್ರಹಣದಿಂದ ಹೊಸಕೋಟೆಯವರೆಗೆ ಎಲ್ಲವನ್ನೂ ಹೇಳಿದೆ. ಮಗ ಕೇಳಿದ: "ಹಾಗಾದ್ರೆ ನೀವು ಮಾಡಿದ ಪಾಠ ತಪ್ಪಾ ತಾತ?" ತಪ್ಪಲ್ಲ. ಮೂರು ರಟ್ಟುಗಳ ನಡುವೆ ಅದು ಇಂದಿಗೂ ಸರಿ. ಆ ಮಾತು ಎಲ್ಲಿಯವರೆಗೆ ಸರಿ ಎಂಬುದನ್ನು ನಾನು ಹೇಳಲಿಲ್ಲ, ಕೇಳಿದವಳನ್ನು ಸುಮ್ಮನಾಗಿಸಿದೆ. ತಪ್ಪಿದ್ದದ್ದು ಅಲ್ಲಿ.

ಅಂದು ನನಗೆ ಬೇಕಿದ್ದದ್ದು ಒಂದೇ ಮಾತು: "ಗೊತ್ತಿಲ್ಲಮ್ಮಾ, ನೋಡಿ ನಾಳೆ ಹೇಳುತ್ತೇನೆ." ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಅದನ್ನು ಧಾರಾಳವಾಗಿ ಬಳಸಿರಿ. ನಾನು ಕೂರಿಸಿದ ಬೇರೆ ಯಾರದಾದರೂ ಪ್ರಶ್ನೆ ಉಳಿದಿದ್ದರೆ ದಯವಿಟ್ಟು ಈಗ ಕೇಳಿ. ನನಗೆ ಬಿಡುವಿದೆ.